ಓದುಗರ ಸ್ಪಂದನ: ಮಾರಿಷಸ್‌ನಲ್ಲಿ ಕುದುರೆಯೋ, ಕಡಲೋ?

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗಿಯೊಬ್ಬರ ಸಮಸ್ಯೆ ಪ್ರಕಟಿಸಿದ್ದೆವು. ನವೆಂಬರ್‌ನಲ್ಲಿ ಅವರ ಮದುವೆ. ಮುಗಿದ ಕೂಡಲೇ ಹನಿಮೂನ್‌ಗೆ ಮಾರಿಷಸ್. ವಿಮಾನ, ಹೋಟೆಲ್ ಎಲ್ಲ ಬುಕ್ ಆಗಿದೆ. ಉಳಿದ ದುಡ್ಡಿನಲ್ಲಿ ಒಂದೇ ದೊಡ್ಡ ಟ್ರಿಪ್ ಸಾಧ್ಯ. ಲೆ ಮಾರ್ನ್ ಬೆಟ್ಟದ ಬುಡದಲ್ಲಿ ಕುದುರೆ ಸವಾರಿ, ಇಲ್ಲಾಂದ್ರೆ ಬ್ಲೂ ಬೇ ಎಂಬ ಕೊಲ್ಲಿಯಲ್ಲಿ ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಮತ್ತು ಉಸಿರಾಟದ ಕೊಳವೆ ಹಾಕಿಕೊಂಡು ಮುಖ ಮುಳುಗಿಸಿ ಕಡಲೊಳಗೆ ನೋಡುವುದು. ಹುಡುಗಿಗೆ ಚಿಕ್ಕಂದಿನಿಂದ ಕುದುರೆಯ ಆಸೆ. ಹುಡುಗನಿಗೆ ಹವಳ, ಮೀನು ನೋಡಬೇಕು. 'ನನಗೆ ಈಜು ಬರಲ್ಲ, ನೀರು ಅಂದ್ರೆ ಭಯ. ಅವರಿಗೆ ಅದನ್ನು ಇನ್ನೂ ಹೇಳಿಲ್ಲ. ಯಾವುದನ್ನು ಆರಿಸಲಿ?' ಎಂದು ಅವರು ಕೇಳಿದ್ದರು.

ಪತ್ರಗಳು ಬಹಳ ಬಂದಿವೆ. ಮೊದಲು ಅಲ್ಲೇ ಇರುವವರ ಮಾತು ಕೇಳೋಣ.



ನಮ್ಮೂರು ಹಾಸನ. ಈಗ ಮಾರಿಷಸ್‌ನ ಎಬೆನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಊರಿಂದ ಬರುವ ಹೊಸ ಜೋಡಿಗಳೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ. ದುಡ್ಡನ್ನು ಕುದುರೆಗೆ ಇಟ್ಟುಕೊಳ್ಳಿ. ಸ್ನಾರ್ಕೆಲಿಂಗ್‌ಗೆ ಇಲ್ಲಿ ದೊಡ್ಡ ಟ್ರಿಪ್ ಬೇಕಾಗಿಲ್ಲ.

ಈ ದ್ವೀಪದ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆ ಹವಳದ ದಿಬ್ಬ ಇದೆ. ದೊಡ್ಡ ಅಲೆಗಳು ಅಲ್ಲೇ ಒಡೆದುಹೋಗುತ್ತವೆ. ಅದರ ಒಳಗಿನ ನೀರು ನಮ್ಮ ಕಡೆಯ ಕೆರೆಯ ಹಾಗೆ ಸುಮ್ನೆ ನಿಂತಿರುತ್ತದೆ. ಬೀಚ್‌ಗಳೆಲ್ಲ ಸಾರ್ವಜನಿಕ. ದೊಡ್ಡ ಹೋಟೆಲ್ ಮುಂದಿನ ಮರಳಿನಲ್ಲೂ ನೀವು ಓಡಾಡಬಹುದು. ವಾಯವ್ಯದ ಟ್ರೂ ಓ ಬಿಶ್‌ನಲ್ಲಿ ಮಾಸ್ಕ್ ಹಾಕಿಕೊಂಡು ದಡದಿಂದಲೇ ಇಳಿಯಬಹುದು. ನಿಮ್ಮ ಹುಡುಗನಿಗೆ ಒಂದು ಮಾಸ್ಕ್ ಮತ್ತು ಕೊಳವೆ ಸಾಕು. ನೀವು ಮೊಣಕಾಲು ನೀರಲ್ಲಿ ನಿಂತರೂ ಮೀನು ಕಾಣುತ್ತವೆ. ಕಾಲಿಗೆ ರಬ್ಬರ್ ತಳದ ನೀರಿನ ಬೂಟು ಹಾಕಿಕೊಳ್ಳಿ. ಕಲ್ಲಿನ ಮಧ್ಯೆ ಮುಳ್ಳಿನ ಕಡಲಜೀವಿಗಳು ಇರುತ್ತವೆ. ಕಲ್ಲಿನಂತೆಯೇ ಕಾಣುವ ವಿಷದ ಸ್ಟೋನ್‌ಫಿಶ್ ಕೂಡ ಇದೆ. ಹವಳದ ಮೇಲೆ ಮಾತ್ರ ಕಾಲಿಡಬೇಡಿ. ಅದು ಜೀವ. ತುಳಿದರೆ ಸಾಯುತ್ತದೆ.

ಬ್ಲೂ ಬೇಗೇ ಹೋಗಬೇಕು ಅಂತ ಅವರಿಗೆ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಆ ಜಾಗ 2000ರಲ್ಲಿ ಮರೈನ್ ಪಾರ್ಕ್ (ಸಂರಕ್ಷಿತ ಕಡಲ ಪ್ರದೇಶ) ಆಯಿತು, 2008ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೂ ಸೇರಿತು. ತಳಕ್ಕೆ ಗಾಜು ಕೂರಿಸಿದ ದೋಣಿಗಳು ಅಲ್ಲಿ ಸಿಗುತ್ತವೆ. ಇಳಿಯುವವರು ನೀರಿಗೆ ಇಳಿಯುತ್ತಾರೆ, ಉಳಿದವರು ಕೂತಲ್ಲೇ ಹವಳ ನೋಡುತ್ತಾರೆ. 2020ರಲ್ಲಿ ವಕಾಶಿಯೊ ಹಡಗಿನ ಎಣ್ಣೆ ಸೋರಿದ್ದು ಅಲ್ಲೇ ಹತ್ತಿರ. ಎಲ್ಲ ಹಾಳಾಗಿದೆಯಂತೆ ಎಂದು ಇವತ್ತಿಗೂ ಜನ ಕೇಳುತ್ತಾರೆ. ಆ ಎಣ್ಣೆ ಹೆಚ್ಚಾಗಿ ಉತ್ತರಕ್ಕೆ, ಮಾಯೆಬೂರ್ ಕಡೆಗೆ ಹೋಯಿತು. ಬ್ಲೂ ಬೇ ಬಹುಮಟ್ಟಿಗೆ ಉಳಿದುಕೊಂಡಿತು. ಹವಳಕ್ಕೆ ಈಗ ದೊಡ್ಡ ತೊಂದರೆ ಬಿಸಿ ನೀರಿನದ್ದು. ನೀರು ಕಾದ ವರ್ಷಗಳಲ್ಲಿ ಅದು ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. ಇರುವಾಗಲೇ ನೋಡಿ ಅಂತ ನಾನೂ ಹೇಳುವವನೇ. ಆದರೆ ಅದಕ್ಕೆ ನೀವೂ ಮುಳುಗಲೇಬೇಕು ಅಂತಿಲ್ಲ.

ನವೆಂಬರ್ ಒಳ್ಳೇ ಸಮಯ. ಇಲ್ಲಿಯ ಚಳಿಗಾಲ ಮುಗಿದು ಅದರ ಗಾಳಿ ಕಡಿಮೆಯಾಗಿರುತ್ತದೆ, ನೀರು ಬೆಚ್ಚಗಾಗುತ್ತಿರುತ್ತದೆ. ಚಂಡಮಾರುತದ ಭಯ ಜಾಸ್ತಿ ಇರುವುದು ಜನವರಿಯಿಂದ ಮಾರ್ಚ್‌ವರೆಗೆ. ದಕ್ಷಿಣದ ಗ್ರಿ ಗ್ರಿ ಎಂಬಲ್ಲಿ ಹವಳದ ತಡೆ ಇಲ್ಲ. ಅಲೆ ನೇರ ದಡಕ್ಕೆ ಬಡಿಯುತ್ತದೆ. ಅಲ್ಲಿ ಫೋಟೋ ತೆಗೆದುಕೊಳ್ಳಿ, ನೀರಿಗೆ ಇಳಿಯಬೇಡಿ.

– ಹಾಸನದವರು, ಎಬೆನ್



ದುಡ್ಡಿನ ಗಂಟು ಸ್ವಲ್ಪ ಸಡಿಲವಾಯಿತು. ಇನ್ನೊಂದು ಗಂಟು ಹಾಗೇ ಇದೆ.



ಭಯ ಅನ್ನೋ ಒಂದು ಮಾತನ್ನು ಕೈಹಿಡಿಯುವವನಿಗೆ ಹೇಳಲಾಗದಿದ್ದರೆ ಅವನ ಜೊತೆ ಸಮುದ್ರಕ್ಕೆ ಹೋಗುವುದು ಹೇಗೆ? ಮೊದಲು ಅವನಿಗೆ ಹೇಳು ತಾಯಿ. ಪತ್ರಿಕೆಗೆ ಆಮೇಲೆ ಬರೆಯುವೆಯಂತೆ.

– ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಗದಗ



ಮೇಷ್ಟ್ರ ಮಾತು ಖಡಕ್. ಆದರೆ ಹೇಳುವುದು ಎಲ್ಲರಿಗೂ ಅಷ್ಟು ಸುಲಭವಲ್ಲ. ಮುಂದಿನ ಪತ್ರವನ್ನು ಎಲ್ಲೂ ಕತ್ತರಿಸದೆ ಹಾಕುತ್ತಿದ್ದೇವೆ.



ನಿಮ್ಮ ಪತ್ರ ಓದಿದ ಮೇಲೆ ನನಗೆ ಅಡುಗೆ ಕೆಲಸಕ್ಕೆ ಕೈ ಓಡಲಿಲ್ಲ. ಕುದುರೆ ವಿಷಯ ನನಗೆ ಗೊತ್ತಿಲ್ಲ. ನೀರಿನ ವಿಷಯ ಬರೆಯುತ್ತೇನೆ.

ನಮ್ಮ ಅಣ್ಣ ತುಂಗೆಯಲ್ಲಿ ಹೋದ. ಆಗ ನಾನು ಪ್ರೈಮರಿ ಸ್ಕೂಲು. ಎಳ್ಳಮಾವಾಸ್ಯೆ ಜಾತ್ರೆಗೆ ಊರಿಡೀ ಹೊಳೆಗೆ ಇಳಿಯುತ್ತದೆ, ನಮ್ಮ ಮನೆಯವರು ಮಾತ್ರ ಅವತ್ತಿನಿಂದ ಹೊಳೆಯ ಮೆಟ್ಟಿಲು ಇಳಿದಿಲ್ಲ. ಅಪ್ಪ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ. ನನ್ನ ಮದುವೆ ಮಾತುಕತೆ ಬಂದಾಗ ಅಮ್ಮ ಒಳಗೆ ಕರೆದು ಹೇಳಿದಳು. 'ಅಣ್ಣನ ಸುದ್ದಿ ಎತ್ತಬೇಡ. ಗಂಡಿನ ಕಡೆಯವರು ಮನಸ್ಸಿಗೆ ಹಚ್ಕೊಳ್ತಾರೆ. ಜ್ವರ ಬಂದು ಹೋದ ಅಂದಿದ್ದೀವಿ.' ನಾನು ಹೂಂ ಅಂದೆ. ಆ ವಯಸ್ಸಲ್ಲಿ ಅಮ್ಮನ ಮಾತಿಗೆ ಎದುರು ಏನು ಹೇಳೋದು?

ಮದುವೆಯಾಗಿ ಅಂಡಮಾನ್‌ಗೆ ಹೋದೆವು. ಹ್ಯಾವ್‌ಲಾಕ್‌ನಿಂದ ಎಲಿಫೆಂಟ್ ಬೀಚ್‌ಗೆ ದೋಣಿ. ಇವರು ತುಂಬಾ ಖುಷಿಯಲ್ಲಿದ್ದರು. ಟಿಕೆಟ್ ತೆಗೆದುಕೊಂಡೇ ನನ್ನನ್ನು ಕರೆದರು. ಅಲ್ಲಿ ಈಜು ಬರದವರಿಗೆ ಗಾಳಿ ತುಂಬಿದ ಟ್ಯೂಬು ಕೊಟ್ಟು ಗೈಡ್ ಎಳೆದುಕೊಂಡು ಹೋಗುತ್ತಾನೆ. 'ಏನೂ ಆಗಲ್ಲ, ಎಲ್ಲರೂ ಹೋಗ್ತಾರೆ' ಅಂದರು. ಎಲ್ಲರೂ ಹೋಗುತ್ತಿದ್ದದ್ದೂ ನಿಜವೇ. ಮುಖ ಮುಳುಗಿಸಿದೆ. ಮಾಸ್ಕ್ ಒಳಗೆ ನೀರು ಬಂತು. ಕೆಳಗೆ ನೀಲಿ ಕಂಡಿತು. ಅಷ್ಟೇ ನನಗೆ ಗೊತ್ತಿರುವುದು. ಆ ಗೈಡ್ ಹುಡುಗನ ಕುತ್ತಿಗೆಗೆ ಜೋತುಬಿದ್ದು ಅಣ್ಣನ ಹೆಸರು ಹಿಡಿದು ಕೂಗಿದೆನಂತೆ. ಯಾರಿಗೂ ಅದು ಅರ್ಥವಾಗಲಿಲ್ಲ. ಇವರು ದೋಣಿಯ ಮೇಲಿಂದ ವಿಡಿಯೋ ಮಾಡುತ್ತಿದ್ದರು.

ವಾಪಸ್ ಬಂದ ಮೇಲೆ ಸತ್ಯನಾರಾಯಣ ಪೂಜೆ ಇತ್ತು. ಊಟ ಆಗಿ ಎಲ್ಲರೂ ಕೂತಿದ್ದಾಗ ಆ ವಿಡಿಯೋವನ್ನು ಟಿವಿಗೆ ಹಾಕಿದರು. ಚಿಕ್ಕತ್ತೆ, ಓರಗಿತ್ತಿ, ಮಕ್ಕಳು ಎಲ್ಲ ನಕ್ಕರು. ಇನ್ನೊಂದು ಸಲ ಹಾಕು ಅಂದರು. ನಾನು ಎಲೆ ಎತ್ತುವ ನೆಪದಲ್ಲಿ ಒಳಗೆ ಹೋದೆ. ಇವರು ಕೆಟ್ಟವರಲ್ಲ. ಇದನ್ನು ನೀವು ದಯವಿಟ್ಟು ನಂಬಬೇಕು. ನನಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದಿರುವ ಮನುಷ್ಯ. ಗೊತ್ತಿಲ್ಲದೆ ನಕ್ಕರು. ಆದರೆ ಆ ನಗು ನನ್ನ ಕಿವಿಯಿಂದ ಹೋಗಲೇ ಇಲ್ಲ. ಎಷ್ಟೋ ವರ್ಷ ಅವರು ಪ್ರವಾಸ ಅಂದರೆ ನನಗೆ ಹೊಟ್ಟೆ ನೋವು ಬರುತ್ತಿತ್ತು. ಅವರು ಕರೆಯುವುದನ್ನೇ ಬಿಟ್ಟರು.

ಮೊನ್ನೆ ಮಗಳು ಈಜು ಕಲಿಯುತ್ತೇನೆ ಅಂದಳು. ನಾನು ಬೇಡ ಅಂದೆ. 'ನಿಮ್ಮಮ್ಮನ ಆ ವಿಡಿಯೋ ನೋಡಿದ್ದೀಯಲ್ಲ' ಅಂತ ಇವರು ಶುರು ಮಾಡಿದರು. ಆಗ ಬಾಯಿಂದ ಬಂತು, ಅಣ್ಣ ಜ್ವರದಿಂದ ಹೋಗಿಲ್ಲ ಅಂತ. ಇವರು ಎದ್ದು ಹೋಗಿ ಜಗಲಿಯಲ್ಲಿ ಬಹಳ ಹೊತ್ತು ಕೂತರು. ಆಮೇಲೆ ಒಳಗೆ ಬಂದು ಕೇಳಿದರು, 'ನನ್ನ ಹತ್ರ ಯಾಕೆ ಹೇಳಲಿಲ್ಲ?' ನನಗೆ ಉತ್ತರ ಹೊಳೆಯಲಿಲ್ಲ. ಮಗಳು ಈಗ ಕ್ಲಾಸಿಗೆ ಹೋಗುತ್ತಿದ್ದಾಳೆ. ಕರೆದುಕೊಂಡು ಹೋಗುವುದು ಅವರೇ.

ನಿಮ್ಮ ಭಯಕ್ಕೆ ನನ್ನಂಥ ಕಾರಣ ಇಲ್ಲದೇ ಇರಬಹುದು. ಕಾರಣ ಇಲ್ಲದ ಭಯವೂ ಭಯವೇ. ವಿಮಾನ ಹತ್ತುವ ಮೊದಲು ಹೇಳಿ. ದೋಣಿಯಲ್ಲಿ ಕೂತ ಮೇಲೆ ಹೇಳೋಕಾಗಲ್ಲ. ಆಗ ಎಲ್ಲರೂ ನೋಡುತ್ತಿರುತ್ತಾರೆ.

– ಹೆಸರು ಬೇಡ, ತೀರ್ಥಹಳ್ಳಿ



ಇದಕ್ಕೆ ನಾವು ಏನೂ ಸೇರಿಸುವುದಿಲ್ಲ. ವೈದ್ಯರೊಬ್ಬರ ಪತ್ರ ಇದರ ಪಕ್ಕದಲ್ಲೇ ಇರಲಿ.



ಈಜು ಬರದವರೂ ಲೈಫ್ ಜಾಕೆಟ್ ಹಾಕಿ ಸ್ನಾರ್ಕೆಲಿಂಗ್ ಮಾಡಬಹುದು. ಒತ್ತಾಯಕ್ಕೆ ಇಳಿಯುವುದು ಮಾತ್ರ ಬೇಡ. ಗಾಬರಿಯಾದರೆ ಉಸಿರು ಜೋರಾಗುತ್ತದೆ, ಕೊಳವೆಯಿಂದ ನೀರು ಒಳಗೆ ಹೋಗುತ್ತದೆ. ಮುಳುಗುವವರು ಹೆಚ್ಚಿನ ಸಲ ಕೂಗುವುದೂ ಇಲ್ಲ, ಸದ್ದಿಲ್ಲದೆ ಮುಳುಗುತ್ತಾರೆ. ಹಾಗಾಗಿ ಈಜು ಬರುವವರೂ ಒಬ್ಬರೇ ಹೋಗಬಾರದು. ನಿಮಗೆ ನಿಜವಾಗಿ ಮನಸ್ಸಿದ್ದರೆ ಊರಿನ ಈಜುಕೊಳದಲ್ಲಿ ಎದೆಮಟ್ಟದ ನೀರಲ್ಲಿ ನಿಂತು ಮಾಸ್ಕ್ ಹಾಕಿ ಮುಖ ಮುಳುಗಿಸಿ ನೋಡಿ. ಮಾಸ್ಕ್ ಸರಿಯಾಗಿದೆಯಾ ಅಂತ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದುಕೊಳ್ಳಿ. ಬೀಳದೆ ನಿಂತರೆ ಸರಿ ಇದೆ. ಮೀಸೆ, ಗಡ್ಡ ಇದ್ದರೆ ನೀರು ಸೋರುತ್ತದೆ.

ಆಸ್ತಮಾ ಇದ್ದರೆ ಮೊದಲೇ ಡಾಕ್ಟರ್‌ಗೆ ತೋರಿಸಿ. ದೋಣಿಯಲ್ಲಿ ವಾಂತಿ ಬರುವವರು ಹೊರಡುವ ಮುಂಚೆಯೇ ಮಾತ್ರೆ ತಗೊಳ್ಳಬೇಕು, ವಾಂತಿ ಶುರುವಾದ ಮೇಲಲ್ಲ. ಇನ್ನೊಂದನ್ನು ಹುಡುಗಿಯರು ಕೇಳಲು ನಾಚಿಕೊಳ್ಳುತ್ತಾರೆ, ನಾನೇ ಹೇಳುತ್ತೇನೆ. ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪ್‌ನಲ್ಲಿ ಕೇಳಿ ನುಂಗಬೇಡಿ. ಅದು ಎಲ್ಲರಿಗೂ ಒಗ್ಗುವುದಿಲ್ಲ. ಮದುವೆ ಗಡಿಬಿಡಿಗೆ ಮುಂಚೆಯೇ ಸ್ತ್ರೀರೋಗ ವೈದ್ಯರನ್ನು ನೋಡಿ.

– ವೈದ್ಯೆ, ಮಂಗಳೂರು



ಕುದುರೆಯ ಬಗ್ಗೆ ಗೊತ್ತಿರುವವರೂ ಬರೆದಿದ್ದಾರೆ.



ನೀವು ಕುದುರೆಯನ್ನು ಇಷ್ಟಪಡುತ್ತೀರಿ, ಆದರೆ ಯಾವತ್ತೂ ಹತ್ತಿಲ್ಲ, ಅಲ್ವಾ? ಹಾಗಾದರೆ ನಡಿಗೆಯ ಸವಾರಿ ಸಾಕು. ಬೀಚಿನಲ್ಲಿ ನಾಗಾಲೋಟ, ಕುದುರೆ ಜೊತೆ ನೀರಿಗೆ ಇಳಿಯುವುದು, ಇವೆಲ್ಲ ಮೊದಲ ಸಲಕ್ಕೆ ಬೇಡ. ಬೆಳಿಗ್ಗೆ ಹೊತ್ತು ಕೇಳಿ. ಬಿಸಿಲು ಏರಿದರೆ ಕುದುರೆಗೂ ಕಷ್ಟ. ಉದ್ದ ಪ್ಯಾಂಟ್, ಬೆರಳು ಮುಚ್ಚುವ ಬೂಟು, ಹೆಲ್ಮೆಟ್. ಚಪ್ಪಲಿ ಹಾಕಿದರೆ ಕಾಲು ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ, ಪಾದ ಇಡುವ ಬಳೆ) ಸಿಕ್ಕಿಹಾಕಿಕೊಳ್ಳುತ್ತದೆ. ಬುಕ್ ಮಾಡುವಾಗ ನಿಮ್ಮಿಬ್ಬರ ತೂಕ ನಿಜ ಹೇಳಿ. ಒಳ್ಳೆಯ ಲಾಯದವರು ತೂಕಕ್ಕೆ ಮಿತಿ ಇಟ್ಟಿರುತ್ತಾರೆ. ಮಿತಿಯೇ ಇಲ್ಲ ಅನ್ನುವವರ ಹತ್ತಿರ ಹೋಗಬೇಡಿ. ಜೀನಿನ ಕೆಳಗೆ ಹುಣ್ಣು, ಎದ್ದು ಕಾಣುವ ಪಕ್ಕೆಲುಬು ಕಂಡರೆ ದುಡ್ಡು ಹೋದರೂ ಪರವಾಗಿಲ್ಲ, ಹತ್ತಬೇಡಿ. ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ ನಡೆಸುತ್ತಾರಾ ಅಂತ ಕೇಳಿ. ಸಡಿಲ ಮರಳಿನಲ್ಲಿ ಅದರ ಕಾಲಿನ ನರ ಎಳೆಯುತ್ತದೆ.

ಎರಡನ್ನೂ ಮಾಡುವುದಾದರೆ ಮೊದಲು ಕಡಲು, ಮಾರನೇ ದಿನ ಕುದುರೆ. ತಿರುಗುಮುರುಗು ಮಾಡಿದರೆ ತೊಡೆ ತರಚಿರುತ್ತದೆ, ಉಪ್ಪುನೀರು ತಾಗಿದರೆ ಬಹಳ ಉರಿ. ಇದನ್ನು ಏಜೆಂಟ್ ಯಾರೂ ಹೇಳುವುದಿಲ್ಲ.

– ಸವಾರಿ ಕಲಿಸುವವರು, ಮೈಸೂರು



ಲೆ ಮಾರ್ನ್ ಅಂದರೆ ಬರೀ ಚೆಂದದ ಬೆಟ್ಟ ಅಂದುಕೊಂಡು ಹೋಗಬೇಡಿ. ತೋಟದ ಮಾಲೀಕರಿಂದ ತಪ್ಪಿಸಿಕೊಂಡ ಗುಲಾಮರು ಅದರ ಗುಹೆಗಳಲ್ಲಿ, ತುದಿಯಲ್ಲಿ ಅಡಗಿ ಬದುಕಿದ್ದರು. ಮಾರಿಷಸ್‌ನಲ್ಲಿ ಗುಲಾಮಗಿರಿ ಕೊನೆಯಾದದ್ದು 1835ರಲ್ಲಿ. ಫೆಬ್ರವರಿ 1 ಅಲ್ಲಿ ಇವತ್ತಿಗೂ ರಜಾ ದಿನ. ಕಬ್ಬಿನ ತೋಟಕ್ಕೆ ಕೂಲಿಗಳಾಗಿ ನಮ್ಮ ದೇಶದಿಂದ ಜನ ಹೋಗಲು ಶುರುವಾದದ್ದು 1834ರಲ್ಲಿ. ಸುಮಾರು ಐದು ಲಕ್ಷ ಜನ ಇಳಿದ ಜಾಗ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್. ಅದು 2006ರಲ್ಲಿ, ಲೆ ಮಾರ್ನ್ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಕುದುರೆ ಆ ಬೆಟ್ಟದ ಕೆಳಗೆ ನಡೆಯುವಾಗ ಇಬ್ಬರೂ ಒಮ್ಮೆ ತಲೆ ಎತ್ತಿ ನೋಡಿ. ಘಾಟ್‌ನ ಕಲ್ಲಿನ ಮೆಟ್ಟಿಲಿಗೆ ಒಂದು ಬೆಳಿಗ್ಗೆ ಕೊಡಿ.

– ಇತಿಹಾಸ ಉಪನ್ಯಾಸಕಿ, ಧಾರವಾಡ



ಅಷ್ಟು ದೂರ ಯಾಕೆ ಹೋಗಬೇಕಿತ್ತು ಅನ್ನೋದೇ ನನ್ನ ಪ್ರಶ್ನೆ. ಮುರುಡೇಶ್ವರದಿಂದ ನೇತ್ರಾಣಿಗೆ ದೋಣಿ ಇದೆ, ಹವಳ ಅಲ್ಲೂ ಇದೆ. ಹನಿಮೂನ್‌ಗೆ ಸಾಲ ಮಾಡಿ ಮೊದಲ ವರ್ಷವೆಲ್ಲ ಕಂತು ಕಟ್ಟುವ ಜೋಡಿಗಳನ್ನು ಬಹಳ ನೋಡಿದ್ದೇನೆ. ಬ್ಯಾಂಕಿನಲ್ಲಿ ಕೂತು ಅದನ್ನೇ ನೋಡುವ ಕೆಲಸ ನನ್ನದು.

– ಓದುಗರು, ಹುಬ್ಬಳ್ಳಿ



ಟಿಕೆಟ್ ಆಗಿಹೋಗಿದೆ. ಹಾಗಾಗಿ ಹುಬ್ಬಳ್ಳಿಯವರ ಮಾತು ಮುಂದಿನ ಜೋಡಿಗಳಿಗಿರಲಿ. ಗಂಡಸರಿಂದ ಬಂದ ಪತ್ರಗಳಲ್ಲಿ ನಮಗೆ ಇಷ್ಟವಾದದ್ದು ಇದು.



ನಿಶ್ಚಿತಾರ್ಥ ಆದಮೇಲೆ ಫೋನಿನಲ್ಲಿ ನನ್ನ ಹೆಂಡತಿ ಹೇಳಿದಳು. 'ನಂಗೆ ನೀರು ಆಗಲ್ಲ ಕಣ್ರೀ. ನೀವು ಇಳೀರಿ, ನಾನು ದೋಣೀಲಿ ಕೂತಿರ್ತೀನಿ.' ನನಗೆ ಬೇಜಾರಾಗಲಿಲ್ಲ. ಮೊದಲೇ ಗೊತ್ತಿದ್ದರಿಂದ ಗಾಜಿನ ತಳದ ದೋಣಿಯನ್ನೇ ಬುಕ್ ಮಾಡಿದೆ. ಬ್ಲೂ ಬೇಯಲ್ಲಿ ನಾನು ಇಳಿದೆ. ಅವಳು ಮೇಲೆ ಕೂತು ನೋಡಿದಳು. ಹತ್ತಿ ಬಂದಮೇಲೆ ಇಬ್ಬರೂ ಕಂಡದ್ದನ್ನು ಹೇಳಿಕೊಂಡೆವು. ಜೊತೆಗೆ ಹೋದ ಮಾತ್ರಕ್ಕೆ ಎಲ್ಲವನ್ನೂ ಜೊತೆಗೇ ಮಾಡಬೇಕಾ? ನಿಮ್ಮ ಹುಡುಗನಿಗೆ ಈ ಪತ್ರ ತೋರಿಸಿ. ಅವರು ಕುದುರೆ ಹತ್ತದಿದ್ದರೂ ಪರವಾಗಿಲ್ಲ. ನೀವು ಹತ್ತುವಾಗ ಲಾಯದ ಹತ್ತಿರ ನಿಂತಿರಲಿ. ಮೊಬೈಲ್ ಜೇಬಿನಲ್ಲಿರಲಿ.

– ಓದುಗರು, ಉಡುಪಿ



ಎಲ್ಲ ಪತ್ರಗಳನ್ನೂ, ಇಲ್ಲಿ ಜಾಗ ಸಾಲದೆ ಬಿಟ್ಟವನ್ನೂ ಸೇರಿಸಿ, ದಾವಣಗೆರೆಗೆ ಕಳಿಸಿದ್ದೇವೆ. ತೀರ್ಥಹಳ್ಳಿಯವರ ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ. ಟ್ರಿಪ್ ಬುಕ್ ಮಾಡಲು ಅವರಿಗೆ ಇನ್ನೂ ಸಮಯವಿದೆ.