ತಾತನ ಕಾಲದ ಫಿರಂಗಿ ಶೆಲ್ ಶೋಕೇಸಿನಲ್ಲಿ ಇಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ ಸೈನ್ಯದಲ್ಲಿದ್ದರು. ಅವರು ತಂದ ಎರಡು ವಸ್ತು ನಮ್ಮ ಹಾಲ್‌ನಲ್ಲಿವೆ. ಒಂದು ಬಾಯಿ ತೆರೆದ ಹಿತ್ತಾಳೆ ಕೊಳವೆ, ಅದರಲ್ಲಿ ಹೂವು ಇಡುತ್ತೇವೆ. ಇನ್ನೊಂದು ಚೂಪು ಮೂತಿಯ ಕಬ್ಬಿಣದ ಶೆಲ್, ತುಂಬಾ ಭಾರ. ಕೆಳಗಡೆ ತಾಮ್ರದ ಪಟ್ಟಿ ಇದೆ, ಅದರ ಮೇಲೆ ಓರೆ ಗೀರುಗಳಿವೆ. ತುಕ್ಕು ಉಜ್ಜಿಸಿ ವಾರ್ನಿಶ್ ಹೊಡೆಸೋಣ ಅಂತಿದ್ದೇನೆ. ಒಮ್ಮೆ ಹಾರಿಸಿದ್ದು ಅಲ್ವಾ, ಒಳಗೆ ಖಾಲಿ ಇರುತ್ತೆ ತಾನೇ?

ಉತ್ತರ (ಬಾಂಬ್ ನಿಷ್ಕ್ರಿಯ ದಳದ ನಿವೃತ್ತ ಸಿಬ್ಬಂದಿ): ದಯವಿಟ್ಟು ಉಜ್ಜಿಸಬೇಡಿ. ಶೆಲ್ ಇದ್ದಲ್ಲೇ ಇರಲಿ, ಆ ಹಾಲ್‌ಗೆ ಯಾರೂ ಹೋಗುವುದು ಬೇಡ, ಮಕ್ಕಳಂತೂ ಬೇಡವೇ ಬೇಡ. ಕಾರಣ ಹೇಳುತ್ತೇನೆ.

ಹಿತ್ತಾಳೆ ಕೊಳವೆ ತೋಟಾದ ಕವಚ. ಅದರೊಳಗಿನ ಮದ್ದು ಹಾರಿಸಿದಾಗಲೇ ಉರಿದು ಹೋಗಿರುತ್ತದೆ. ತಳದ ನಡುವೆ ಬಿಲ್ಲೆಯಂಥ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹಚ್ಚುವ ಭಾಗ, ಇರುತ್ತದೆ. ಅದರ ಮೇಲೆ ಪಿನ್ ಹೊಡೆದ ಗುಳಿ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಗುಳಿ ಇಲ್ಲದಿದ್ದರೆ ಅದನ್ನೂ ಮುಟ್ಟಬೇಡಿ.

ಶೆಲ್ ವಿಷಯ ಪೂರ್ತಿ ಉಲ್ಟಾ. ಆ ಓರೆ ಗೀರುಗಳು ಫಿರಂಗಿಯ ನಳಿಗೆಯೊಳಗೆ ತಿರುಗುತ್ತಾ ಹೋಗುವಾಗ ಬಿದ್ದವು. ಅಂದರೆ ನಿಮ್ಮ ಶೆಲ್ ನಿಜವಾಗಿ ಹಾರಿದೆ, ಆದರೂ ಇಡಿಯಾಗಿ ಉಳಿದಿದೆ. ಒಂದೋ ಅದರಲ್ಲಿ ಮೊದಲಿಂದಲೂ ಸ್ಫೋಟಕ ಇರಲಿಲ್ಲ, ಇಲ್ಲವೇ ಅದು ಸಿಡಿಯಲಿಲ್ಲ. ಶೆಲ್ ಸಿಡಿಸುವ ಸಾಧನಕ್ಕೆ ಫ್ಯೂಸ್ ಅನ್ನುತ್ತಾರೆ. ಎಷ್ಟೋ ಫ್ಯೂಸ್‌ಗಳಲ್ಲಿ ಹಾರಿದ ಹೊಡೆತಕ್ಕೆ ಮತ್ತು ತಿರುಗುವ ವೇಗಕ್ಕೆ ಸುರಕ್ಷತೆಯ ಬೀಗಗಳು ಕಳಚಿಕೊಳ್ಳುತ್ತವೆ. ಹೀಗೆ ಕಳಚಿಯೂ ಸಿಡಿಯದ ಶೆಲ್, ಪೆಟ್ಟಿಗೆಯಲ್ಲಿರುವ ಹೊಸ ಶೆಲ್‌ಗಿಂತ ಜಾಸ್ತಿ ಅಪಾಯ.

ಹಳೆಯದಾದರೆ ಶಕ್ತಿ ಹೋಗುತ್ತೆ ಅನ್ನೋದು ತಪ್ಪು. ಶೆಲ್‌ಗಳಲ್ಲಿ ತುಂಬುವ ಟಿಎನ್‌ಟಿ ಎಂಬ ಸ್ಫೋಟಕ ಎಷ್ಟೋ ದಶಕ ಹಾಗೇ ಇರುತ್ತದೆ. ಮೊದಲ ಮಹಾಯುದ್ಧದ ಎಷ್ಟೋ ಶೆಲ್‌ಗಳಲ್ಲಿದ್ದ ಪಿಕ್ರಿಕ್ ಆಮ್ಲ ಎಂಬ ಸ್ಫೋಟಕ ಲೋಹದ ಜೊತೆ ಸೇರಿ, ಸಣ್ಣ ಪೆಟ್ಟಿಗೂ ಸಿಡಿಯುವ ಲವಣವಾಗಬಹುದು.

2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಬ್ಬ ಸಂಗ್ರಾಹಕರು ಅಂತರ್ಯುದ್ಧದ ಕಾಲದ ಫಿರಂಗಿ ಗುಂಡನ್ನು ಮನೆ ಮುಂದೆ ಸ್ವಚ್ಛ ಮಾಡುತ್ತಿದ್ದರು. 140 ವರ್ಷ ದಾಟಿದ ಗುಂಡು ಅದು. ಸಿಡಿದು ಅವರು ತೀರಿಕೊಂಡರು. ಒಂದು ಚೂರು ಸುಮಾರು 400 ಮೀಟರ್ ದೂರದ ಮನೆಯ ಜಗಲಿಗೆ ಬಂದು ಬಿತ್ತು. ಅವರು ಇಂಥ ಗುಂಡುಗಳನ್ನು ಎಷ್ಟೋ ಸಲ ಸ್ವಚ್ಛ ಮಾಡಿದ್ದವರು. ಅದಕ್ಕೇ ಉಜ್ಜಬೇಡಿ ಅಂದದ್ದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನಮ್ಮ ತೋಟದಲ್ಲೂ ಒಂದಿದೆ. ಎಷ್ಟೋ ಸಲ ಎತ್ತಿ ಇಟ್ಟಿದ್ದೇವೆ, ಏನೂ ಆಗಿಲ್ಲ. ಕಾರಿನಲ್ಲಿ ಹಾಕಿಕೊಂಡು ಪೊಲೀಸ್ ಠಾಣೆಗೆ ಕೊಟ್ಟು ಬರಲಾ?

ಉತ್ತರ: ಬೇಡಮ್ಮ, ಖಂಡಿತ ಬೇಡ. ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ಒಂದು ಹಡಗಿನ ಶೆಲ್ ನೂರಕ್ಕೂ ಹೆಚ್ಚು ವರ್ಷ ಮನೆಯ ಕೈತೋಟದಲ್ಲಿ ಅಲಂಕಾರಕ್ಕೆ ನಿಂತಿತ್ತು. ಮನೆಯಾಕೆ ತೋಟದ ಕೆಲಸ ಮುಗಿಸಿ ಕರಣೆಗೆ ಅಂಟಿದ ಮಣ್ಣನ್ನು ಅದಕ್ಕೇ ಬಡಿದು ಉದುರಿಸುತ್ತಿದ್ದರಂತೆ. 2023ರಲ್ಲಿ ಪೊಲೀಸರ ಕಣ್ಣಿಗೆ ಬಿತ್ತು. ಪರೀಕ್ಷಿಸಿದರೆ ಒಳಗೆ ಮದ್ದಿತ್ತು. ಇಷ್ಟು ದಿನ ಏನೂ ಆಗಿಲ್ಲ ಅನ್ನೋದನ್ನು ನಂಬಿ ಕೂರಬೇಡಿ. ದೂರದಿಂದಲೇ ಒಂದು ಫೋಟೋ ತೆಗೆಯಿರಿ, ದೂರ ಹೋಗಿ ಪೊಲೀಸರಿಗೆ ಫೋನ್ ಮಾಡಿ. ಬಾಂಬ್ ದಳದವರೇ ಬರುತ್ತಾರೆ. ಒಳಗೆ ಮದ್ದಿದ್ದರೆ ಅದು ನಿಮಗೆ ವಾಪಸ್ ಸಿಗುವುದಿಲ್ಲ, ಅದಕ್ಕೆ ಸಿದ್ಧರಾಗಿರಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನನ್ನ ಹತ್ತಿರ ಇರುವ ಶೆಲ್‌ಗೆ ನೀಲಿ ಬಣ್ಣ ಇದೆ. ಅಭ್ಯಾಸದ ಶೆಲ್ ಅಂತ ಮಾರಿದವರು ಹೇಳಿದರು.

ಉತ್ತರ: ನ್ಯಾಟೋ ಸೇನಾ ಒಕ್ಕೂಟದ ದೇಶಗಳಲ್ಲಿ ನೀಲಿ ಬಣ್ಣ ಅಭ್ಯಾಸದ ಮದ್ದುಗುಂಡಿಗೇ. ಆದರೆ ಬಿದ್ದ ಜಾಗ ಕಾಣಲಿ ಅಂತ ಅದರಲ್ಲೂ ಹೊಗೆಯ ಸಣ್ಣ ಮದ್ದು ಇಟ್ಟಿರಬಹುದು. ಅಲ್ಲದೆ ಬಣ್ಣ ಯಾರು ಬೇಕಾದರೂ ಬಳಿಯಬಹುದು. ತರಬೇತಿಗೆ ಬಳಸುವ ಖಾಲಿ ಶೆಲ್‌ಗಳು, ಅಂದರೆ ಡ್ರಿಲ್ ಶೆಲ್‌ಗಳು, ಎಷ್ಟೋ ಇವೆ; ಅವುಗಳ ಮೈಯಲ್ಲಿ ತೂತು ಕೊರೆದಿರುತ್ತಾರೆ, ಒಳಗೆ ಖಾಲಿ ಇರುವುದು ಕಣ್ಣಿಗೇ ಕಾಣುತ್ತದೆ. ನಿಮ್ಮದರಲ್ಲಿ ಹಾಗೆ ಕಾಣುತ್ತಾ? ಇಲ್ಲದಿದ್ದರೆ ನೀವೂ ಇವತ್ತೇ ಫೋನ್ ಮಾಡಿ. ನೀವೇ ತೂತು ಕೊರೆದು ನೋಡಲು ಮಾತ್ರ ಹೋಗಬೇಡಿ.