ಏಪ್ರಿಲ್ ಹಿಮಪಾತದ ಮರುದಿನ ಬರ್ಥುಡ್ ಪಾಸ್: ಬೇಗ ಹೊರಟರೆ ಸಾಕಾ?

ಸ್ನೋಶೂ_ಹೊಸಬ:
ಕೊಲರಾಡೋದಲ್ಲಿರುವ ಕನ್ನಡದವರಿಗೆ ಒಂದು ಪ್ರಶ್ನೆ. ಇಲ್ಲಿನ ಬೆಟ್ಟದ ಘಾಟಿ ಬರ್ಥುಡ್ ಪಾಸ್‌ಗೆ ಹೋಗುವ ಯೋಚನೆ. ಗುರುವಾರ, ಶುಕ್ರವಾರ ಸೇರಿ 40 ಸೆಂ.ಮೀ. ಹೊಸ ಹಿಮ, ಜತೆಗೆ ಪಶ್ಚಿಮದ ಜೋರು ಗಾಳಿ. ಶನಿವಾರ ಪೂರ್ತಿ ಬಿಸಿಲಂತೆ. ಹಿಮಕುಸಿತ ಮಾಹಿತಿ ಕೇಂದ್ರದ ವರದಿಯಲ್ಲಿ ಅಪಾಯದ ಮಟ್ಟ 5ಕ್ಕೆ 3. ಅಂದರೆ ಮಧ್ಯಮ ತಾನೆ? ಮೂವರು ಹೋಗುವವರು. ಬೆಳಿಗ್ಗೆ 6ಕ್ಕೆ ಹತ್ತಿ 11ರೊಳಗೆ ಇಳಿದುಬಿಟ್ಟರೆ ಆಗುತ್ತಾ? ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ) ಎರಡಿವೆ, ಮೂರನೆಯದು ಬಾಡಿಗೆಗೆ ತರಲೇಬೇಕಾ?

ಹಿಮಪದರ:
3 ಅಂದರೆ ಮಧ್ಯಮ ಅಲ್ಲ. ಆ ಮಟ್ಟದಲ್ಲಿ ನೀವು ಕಾಲಿಟ್ಟರೆ ಕುಸಿಯುವ ಸಂಭವವೇ ಹೆಚ್ಚು, ತಾನಾಗಿಯೂ ಕುಸಿಯಬಹುದು. 4, 5 ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ; 3 ಇದ್ದಾಗ ಹೊರಡುತ್ತಾರೆ.

‘ಬೇಗ ಹೋಗಿ ಬೇಗ ಇಳಿ’ ಅನ್ನುವುದು ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಹಳೇ ವಸಂತದ ಹಿಮಕ್ಕೆ ಹೇಳಿದ ಮಾತು. ನಿನ್ನೆ ಬಿದ್ದ ಒಣ ಹಿಮಕ್ಕೆ ಅದು ಅನ್ವಯಿಸುವುದಿಲ್ಲ. ಗಾಳಿ ಒಂದು ಮಗ್ಗುಲಿನ ಹಿಮವನ್ನು ಕೆರೆದು ಇನ್ನೊಂದು ಮಗ್ಗುಲಿಗೆ ಸುರಿಯುತ್ತೆ, ಆಕಾಶದಿಂದ ಬೀಳುವುದಕ್ಕಿಂತ 10 ಪಟ್ಟು ವೇಗವಾಗಿ ಬೇಕಾದರೂ. ಪಶ್ಚಿಮದ ಗಾಳಿಯಾದರೆ ಆ ರಾಶಿ ಪೂರ್ವ, ಈಶಾನ್ಯದ ಇಳಿಜಾರಿನಲ್ಲಿ ಹಲಗೆಯಂತೆ ಕೂತಿರುತ್ತೆ. ಬೆಳಿಗ್ಗೆ ಆರಕ್ಕೂ ಅದು ಮುರಿಯುತ್ತೆ. ಸಾಲದ್ದಕ್ಕೆ ಎಳೆಬಿಸಿಲು ಮೊದಲು ತಾಕುವುದೂ ಪೂರ್ವದ ಮಗ್ಗುಲಿಗೇ.

ಗಡಿಯಾರಕ್ಕಿಂತ ಕೋನ ನೋಡಿ. ಹಲಗೆ ಕುಸಿತ (ಗಟ್ಟಿ ಪದರ ಒಟ್ಟಿಗೇ ಮುರಿದು ಜಾರುವುದು) ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಕ್ಷೆಯಲ್ಲಿ ಇಳಿಜಾರಿನ ಕೋನ ತೋರಿಸುವ ಬಣ್ಣವನ್ನೇ ನಂಬಬೇಡಿ, 5–10 ಮೀಟರಿನ ಸಣ್ಣ ಕಡಿದಾದ ಉಬ್ಬುಗಳು ಅದರಲ್ಲಿ ಕಾಣದೇ ಹೋಗುತ್ತವೆ. ಕೋನಮಾಪಕ ಇಟ್ಟು ಅಳೆಯಿರಿ.

ತೇವ_ಹಿಮ:
ಮೇಲಿನದು ಸರಿ, ಆದರೆ ಬಿಸಿಲನ್ನು ಕಡೆಗಣಿಸಬೇಡಿ. ಏಪ್ರಿಲ್ ಸೂರ್ಯ ಹೊಸ ಹಿಮಕ್ಕೆ ಮೊದಲ ಸಲ ಬಿದ್ದರೆ ಗಂಟೆ ಎರಡು ಗಂಟೆ ಸಾಕು. ಪೂರ್ವ, ಆಮೇಲೆ ದಕ್ಷಿಣ, ಮಧ್ಯಾಹ್ನ ಪಶ್ಚಿಮ, ಹೀಗೆ ಅಪಾಯವೂ ಸೂರ್ಯನ ಜತೆ ಸುತ್ತುತ್ತೆ. ಬಂಡೆಯ ಕೆಳಗಿಂದ ಚಕ್ಕುಲಿಯಂತೆ ಸುರುಳಿಗಳು ಉರುಳತೊಡಗಿದರೆ ಆ ಮಗ್ಗುಲು ಬಿಡಿ. ಹಿಮ ಕೈಯಲ್ಲಿ ಉಂಡೆ ಕಟ್ಟಿದರೆ ತೇವ ಬಂದಿದೆ. ಹಿಂಡಿದಾಗ ನೀರು ಜಿನುಗಿದರೆ ಆಗಲೇ ತಡವಾಗಿದೆ. ರಾತ್ರಿ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟಿರುವುದಿಲ್ಲ, ಥರ್ಮಾಮೀಟರ್ ಏನೇ ಹೇಳಲಿ.

ಇಲ್ಲಿ ಇನ್ನೊಂದು ತಲೆನೋವು: ಚಳಿಗಾಲದ ಆರಂಭದ ತೆಳು ಹಿಮ ತಳದಲ್ಲಿ ದಪ್ಪ ರವೆಯಂತಾಗಿರುತ್ತೆ, ಮುಷ್ಟಿಯಲ್ಲಿ ಒತ್ತಿದರೂ ಅಂಟುವುದಿಲ್ಲ. ಹೊಸ ಭಾರ ಬಿದ್ದಾಗ ಅಷ್ಟು ಆಳದಿಂದಲೇ ಕಿತ್ತುಕೊಂಡು ಬರಬಹುದು. ಕಾಲಡಿ ‘ಧೊಪ್’ ಎಂದು ಕುಸಿದ ಸದ್ದು ಬಂದರೆ, ಬಿರುಕು ಓಡಿದರೆ, ಬಂದ ದಾರಿಯಲ್ಲೇ ವಾಪಸ್.

ಸ್ನೋಶೂ_ಹೊಸಬ:
ಹಾಗಾದರೆ ಮರಗಳ ನಡುವೆ, ಕೆಳಗಡೆ ದಾರಿಯಲ್ಲೇ ಹೋದರೆ?

ಹಿಮಪದರ:
ಮರಗಳ ನಡುವೆ ನೀವು ಸಲೀಸಾಗಿ ನುಸುಳುವಷ್ಟು ಜಾಗ ಇದ್ದರೆ ಹಿಮಕ್ಕೂ ಇದೆ. ‘ಕೆಳಗಡೆ’ ಎನ್ನುವಾಗ ಮೇಲೆ ಏನಿದೆ ನೋಡಿ. 2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಪಾಸ್ ಹತ್ತಿರ ಶೀಪ್ ಕ್ರೀಕ್‌ನಲ್ಲಿ ಆರು ಜನ ಇಳಿಜಾರಿನ ಕೆಳಭಾಗವನ್ನು ದಾಟುತ್ತಿದ್ದರು. ಮೇಲಿನ ಹಿಮ ಮುರಿದು ಐವರು ಸತ್ತರು. ನೀವು ನಡೆಯುವ ನೆಲ 25 ಡಿಗ್ರಿಗಿಂತ ಕಡಿಮೆ ಇರಲಿ, ತಲೆಯ ಮೇಲೂ ಕಡಿದಾದದ್ದು ಇರಬಾರದು. ಕೊರಕಲಿನೊಳಗೆ ಇಳಿಯಲೇಬೇಡಿ, ಅಲ್ಲಿ ಸಣ್ಣ ಕುಸಿತವೂ ಆಳವಾಗಿ ಹೂಳುತ್ತೆ. ಅನುಮಾನವಿದ್ದ ಕಡೆ ಒಬ್ಬೊಬ್ಬರೇ ದಾಟಿ.

ಪ್ರೋಬ್_240:
ಬೀಕನ್ ಇಲ್ಲದ ಮೂರನೆಯವರನ್ನು ಹುಡುಕುವುದು ಹೇಗೆ ಸ್ವಾಮಿ? ತಲೆಗೊಂದು ಬೀಕನ್, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಲೋಹದ ಸಲಿಕೆ. ಹೊರಡುವ ಮುಂಚೆ ಮೂರೂ ಬೀಕನ್ ಸಿಗ್ನಲ್ ಕಳಿಸುತ್ತಿವೆಯಾ, ಹಿಡಿಯುತ್ತಿವೆಯಾ ಪರೀಕ್ಷಿಸಿ. ಮೊಬೈಲ್ ಬೀಕನ್‌ನಿಂದ 20 ಸೆಂ.ಮೀ. ದೂರ, ಹುಡುಕುವಾಗ 50 ಸೆಂ.ಮೀ.

ಹೂತವರಿಗೆ ಮೊದಲ 10–15 ನಿಮಿಷವೇ ಎಲ್ಲ. ಬೀಕನ್ 3 ಮೀಟರ್ ತೋರಿಸಿದ ಮೇಲೆ ಅದನ್ನು ಹಿಮದ ಮೇಲ್ಮೈಗೆ ತಾಗಿಸಿ ನಿಧಾನ ಸರಿಸಿ, ಓಡಬೇಡಿ. ಅತಿ ಕಡಿಮೆ ಅಂಕಿ ಸಿಕ್ಕಲ್ಲಿಂದ 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ ಪ್ರೋಬ್ ಚುಚ್ಚಿ, ಹಿಮದ ಮೇಲ್ಮೈಗೆ ಲಂಬವಾಗಿ. ತಾಗಿದ ಮೇಲೆ ಪ್ರೋಬ್ ಕೀಳಬೇಡಿ. ನೇರ ಮೇಲಿಂದ ಅಗೆದರೆ ಹೂತವರ ಉಸಿರಿನ ಜಾಗ ತುಳಿದಂತೆ. ಹೂತ ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಬದಿಗೆ ಸರಿದು, ಅಲ್ಲಿಂದ ಒಳಕ್ಕೆ ಅಗೆಯಿರಿ. ಕುಸಿದು ನಿಂತ ಹಿಮ ಸಿಮೆಂಟಿನಷ್ಟು ಗಟ್ಟಿ, ಪ್ಲಾಸ್ಟಿಕ್ ಸಲಿಕೆ ಮುರಿಯುತ್ತೆ.