ಪದಚರ್ಚೆ: ‘ಸಣ್ಣ ಕರುಳು ಸಣ್ಣ ಆಗಿದೆ’, ‘ಸಣ್ಣ ಕರುಳು ದಪ್ಪ ಆಗಿದೆ’

ಬಳಗದವರಿಗೆಲ್ಲ ನಮಸ್ಕಾರ.

ನಾನು ದಾವಣಗೆರೆಯವನು. ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ ಟೆಕ್ನಿಷಿಯನ್. ಒಂದು ಪದದ ಗಂಟು ಬಿದ್ದಿದೆ, ಬಿಡಿಸಿಕೊಡಿ.

ಹೋದ ತಿಂಗಳು ಜಗಳೂರು ಕಡೆಯ ಹುಡುಗನೊಬ್ಬ ಅವರಪ್ಪನನ್ನು ಕರೆದುಕೊಂಡು ಬಂದಿದ್ದ. ಕೈಯಲ್ಲಿ ಎರಡು ರಿಪೋರ್ಟು. ಒಂದು ಹಳೆಯದು, ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯದು. ಇನ್ನೊಂದು ಹೊಸದು, ಸಿಟಿ ಸ್ಕ್ಯಾನಿನದು. “ಸಾರ್, ಆವಾಗ ನೋಡಿದೋರು ಸಣ್ಣ ಕರುಳು ಸಣ್ಣ ಆಗೇತಿ ಅಂದ್ರು. ಈಗ ನೋಡಿದೋರು ಸಣ್ಣ ಕರುಳು ದಪ್ಪ ಆಗೇತಿ ಅಂತಾರೆ. ಯಾರ ಮಾತು ಖರೆ?” ಅಂತ ಕೇಳಿದ. ಪಕ್ಕದಲ್ಲಿ ಕೂತಿದ್ದ ಅಪ್ಪ ತಲೆ ಎತ್ತಿ, “ಸಣ್ಣ ಕರುಳು ಸಣ್ಣಕೇ ಇರಬೇಕಲ್ಲಪ್ಪ, ಅದಕ್ಯಾಕೆ ಔಷಧಿ?” ಅಂದರು.

ನಗು ಬಂತು. ಆಮೇಲೆ ಯೋಚನೆಯೂ ಬಂತು. ಇಬ್ಬರು ಡಾಕ್ಟರು ಹೇಳಿದ್ದೂ ಸರಿ. ತಪ್ಪಿದ್ದು ಮಾತಿನಲ್ಲಿ.

ಬೇರಿಯಂ ಪರೀಕ್ಷೆಯಲ್ಲಿ ಕಲಸಿದ ಸುಣ್ಣದಂಥ ಬಿಳಿ ದ್ರಾವಣ ಕುಡಿಸುತ್ತೇವೆ. ಅದು ಕರುಳಿನೊಳಗೆ ಹರಿದುಕೊಂಡು ಹೋಗುವಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎಕ್ಸ್‌ರೇ ತೆಗೆಯುತ್ತೇವೆ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆಗೆ ಮುಟ್ಟುವ ತನಕ ಇದೇ ಕೆಲಸ. ಫಿಲ್ಮಿನಲ್ಲಿ ಕಾಣುವುದು ಬೇರಿಯಂ ಮಾತ್ರ, ಕರುಳಲ್ಲ. ಅಂದರೆ ಒಳಗಿನ ದಾರಿಯ ಅಚ್ಚು. ಅಚ್ಚು ಒಂದು ಕಡೆ ದಾರದಂತೆ ಎಳೆಯಾಗಿ ಕಂಡರೆ ಡಾಕ್ಟರು ‘ಸಣ್ಣ ಆಗಿದೆ’ ಅನ್ನುತ್ತಾರೆ. ಸಿಟಿಯ ಕತೆ ಬೇರೆ. ಅದರಲ್ಲಿ ಕರುಳಿನ ಗೋಡೆಯೇ ಕಾಣುತ್ತದೆ. ನೀರು ಕುಡಿಸಿ ಹಿಗ್ಗಿಸಿದ ಕರುಳಿನ ಗೋಡೆ 3 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ‘ದಪ್ಪ ಆಗಿದೆ’ ಎಂದು ಬರೆಯುತ್ತಾರೆ. ಗೋಡೆ ದಪ್ಪ ಆಯಿತು, ದಾರಿ ಸಣ್ಣ ಆಯಿತು. ಒಂದೇ ಜಾಗ, ಒಂದೇ ಕಾಯಿಲೆ. ಆದರೆ ಕನ್ನಡದಲ್ಲಿ ಎರಡಕ್ಕೂ ‘ಕರುಳು’ ಅಂದುಬಿಟ್ಟಿದ್ದೇವೆ.

ಇಲ್ಲಿಂದ ನನ್ನ ತಲೆ ‘ಸಣ್ಣ’ ಅನ್ನುವ ಪದದ ಹಿಂದೆ ಬಿತ್ತು.

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ಒಂದು ಸೀರೆಗಿಂತ ತುಸು ಹೆಚ್ಚೇ. ದೊಡ್ಡ ಕರುಳು ಒಂದೂವರೆ ಮೀಟರ್, ಅಂದರೆ ಸ್ನಾನದ ಟವೆಲ್ಲಿನಷ್ಟು. ಹಾಗಾದರೆ ಯಾವುದು ಸಣ್ಣ, ಯಾವುದು ದೊಡ್ಡ? ಇಂಗ್ಲಿಷಿನಲ್ಲೂ ಇದೇ ಗೊಂದಲ ಇದೆ. ಆದರೆ ಕನ್ನಡದ ‘ಸಣ್ಣ’ಕ್ಕೆ ಇನ್ನೊಂದು ಅರ್ಥ ಇದೆ, ತೆಳು ಅಂತ. ಸಣ್ಣ ರವೆ, ಸಣ್ಣಕ್ಕಿ, ಸಣ್ಣಗೆ ಹೆಚ್ಚಿದ ಈರುಳ್ಳಿ. ನಮ್ಮೂರಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದವರಿಗೆ ಸಣ್ಣ ನೂಲು ಅಂದರೆ ಗಿಡ್ಡ ನೂಲಲ್ಲ, ಎಳೆ ತೆಳುವಾದ ನೂಲು. ಬಹಳ ದಿನದ ಮೇಲೆ ಸಿಕ್ಕ ನೆಂಟರು “ಯಾಕಿಷ್ಟು ಸಣ್ಣ ಆಗಿದೀಯ?” ಅಂದರೆ ಎತ್ತರ ಕಡಿಮೆ ಆಯಿತು ಅಂತಲ್ಲ. ತೆಲುಗಿನ ‘ಸನ್ನ’ ಕೂಡ ಹೀಗೇ, ಸನ್ನ ಬಿಯ್ಯಂ ಅಂದರೆ ತೆಳುಕಾಳಿನ ಅಕ್ಕಿ. ಈ ಅರ್ಥದಲ್ಲಿ ‘ಸಣ್ಣ ಕರುಳು’ ಬಹಳ ಸರಿಯಾದ ಹೆಸರು. ‘ಚಿಕ್ಕ ಕರುಳು’ ಅನ್ನುವವರು ಕಡಿಮೆ ಅನ್ನೋದನ್ನು ಗಮನಿಸಿ.

ಕೆಟ್ಟದ್ದು ಅದರ ಜೋಡಿಯಿಂದ. ತೆಳು ಅನ್ನುವ ಸಣ್ಣಕ್ಕೆ ಎದುರು ಪದ ದಪ್ಪ. ಗಾತ್ರದ ಸಣ್ಣಕ್ಕೆ ಎದುರು ದೊಡ್ಡ. ಇನ್ನೊಂದನ್ನು ‘ದಪ್ಪ ಕರುಳು’ ಅಂದಿದ್ದರೆ ಜನ ಉದ್ದ ಅಳೆಯಲು ಹೋಗುತ್ತಿರಲಿಲ್ಲ. ‘ದೊಡ್ಡ ಕರುಳು’ ಅಂದ ಕೂಡಲೇ ಇದು ಪುಟ್ಟ ಕರುಳು ಆಗಿಬಿಡುತ್ತದೆ. ಈಗ ಬದಲಾಯಿಸಲು ಆಗಲ್ಲ, ಗೊತ್ತು. ಶಾಲೆ ಪುಸ್ತಕದಲ್ಲೇ ಕೂತಿದೆ.

ನನಗೆ ಬೇಕಾದದ್ದು ಎರಡು ಪದ. ಮೊದಲನೆಯದು ಒಳಗಿನ ಆ ದಾರಿಗೆ. ಡಾಕ್ಟರು ‘ಲ್ಯೂಮೆನ್’ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಬೆಳಕು ಅಂತ ಅರ್ಥ, ಬೆಳಕು ಬರುವ ಕಿಂಡಿ ಅಂತಲೂ ಆಗುತ್ತದೆ. ನಮ್ಮ ಹಳೇ ಮನೆಯ ಅಡುಗೆಕೋಣೆಯ ಮಾಳಿಗೆಯಲ್ಲಿ ಇದ್ದದ್ದೂ ಬೆಳಕಿಂಡಿಯೇ! ಆದರೆ ಕರುಳಿಗೆ ಬೆಳಕಿಂಡಿ ಅಂದರೆ ಯಾರಿಗೂ ತಿಳಿಯಲ್ಲ. ‘ಟೊಳ್ಳು’ ಅಂದರೆ ಹುಳ ತಿಂದ ಮರ ನೆನಪಾಗುತ್ತದೆ. ‘ಒಳದಾರಿ’ ಚೆನ್ನಾಗಿದೆ, ಆದರೆ ಬೇಗ ತಲುಪುವ ಅಡ್ಡದಾರಿಗೂ ಒಳದಾರಿ ಅನ್ನುವುದುಂಟು. ಸದ್ಯಕ್ಕೆ ಸುಮ್ನೆ ‘ಒಳಗಿನ ದಾರಿ’ ಅಂತ ಬರೆದಿದ್ದೇನೆ.

ಎರಡನೆಯದು ಆ ದಾರಿ ಸಣ್ಣ ಆಗುವುದಕ್ಕೆ. ‘ಸಂಕೋಚನ’ ಅಂತ ಒಬ್ಬರು ತಿದ್ದಿಕೊಟ್ಟರು. ಸಂಕೋಚ ಅಂದರೆ ನಮ್ಮ ಜನರಿಗೆ ನಾಚಿಕೆ. ನಾಚಿಕೆ ಪಟ್ಟ ಕರುಳು ಆದೀತು. ನನ್ನ ಮನಸ್ಸು ‘ಇಕ್ಕಟ್ಟು’ ಕಡೆ ಇದೆ. ಪೂರ್ತಿ ಮುಚ್ಚಿಹೋದರೆ ‘ಕಟ್ಟಿಕೊಂಡಿದೆ’. ಇಕ್ಕಟ್ಟು, ಕಟ್ಟು, ಎರಡೂ ಜೋಡಿಯಾಗಿ ನಿಲ್ಲುತ್ತವೆ. ಭದ್ರಾ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಇದನ್ನು ವಿವರಿಸುವುದೇ ಬೇಡ. ಮುಂದೆ ಹೂಳು ತುಂಬಿ ಇಕ್ಕಟ್ಟಾದರೆ ಹಿಂದೆ ನೀರು ಏರುತ್ತದೆ, ಏರಿ ಮೇಲೆ ಒತ್ತುತ್ತದೆ. ಕರುಳೂ ಹಾಗೆಯೇ. ಇಕ್ಕಟ್ಟಿನ ಹಿಂದಿನ ಭಾಗ ಉಬ್ಬುತ್ತದೆ. ಸಿಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಆ ಉಬ್ಬು ಎಷ್ಟೋ ಸಲ. ಊಟ ಆದಮೇಲೆ ‘ಹೊಟ್ಟೆ ನುಲಿಯುತ್ತೆ’ ಅನ್ನುತ್ತಾರಲ್ಲ, ಆ ನುಲಿತವೂ ಇದರದ್ದೇ ಇರಬಹುದು.

ಜಗಳೂರಿನ ಆ ಯಜಮಾನರಿಗೆ ಇದೇ ಮಾತಿನಲ್ಲಿ ಹೇಳಿ ನೋಡಿದೆ. “ಗೋಡೆ ದಪ್ಪ ಆಗೇತಿ, ಅದಕ್ಕೇ ದಾರಿ ಇಕ್ಕಟ್ಟಾಗೇತಿ.” ಅವರು, “ಹಂಗನ್ನು. ಎರಡೂ ಕಡೆ ಮನೆ ಮುಂದಕ್ಕೆ ಕಟ್ಕೊಂಡ್ರೆ ಓಣಿ ಏನಾಗ್ಬೇಕು?” ಅಂದರು. ಮಗನಿಗೂ ಅವರೇ ತಿಳಿಸಿಕೊಟ್ಟರು. ಅವರಿಗಿದ್ದದ್ದು ಕರುಳಿನ ಟಿಬಿಯೋ, ಕ್ರೋನ್ಸ್ ಅನ್ನುವ, ಕರುಳಿನಲ್ಲಿ ಬಹುಕಾಲ ಉರಿಯೂತ ಉಳಿಯುವ ಕಾಯಿಲೆಯೋ ಅನ್ನುವುದು ಬೇರೆ ವಿಚಾರ. ಎರಡಕ್ಕೂ ಇಷ್ಟದ ಜಾಗ ಒಂದೇ, ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ತಾಣ. ಚಿತ್ರದಲ್ಲೂ ಅಣ್ಣತಮ್ಮಂದಿರ ಹಾಗಿರುತ್ತವೆ. ಎಷ್ಟೋ ಸಲ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರೂ ಡಾಕ್ಟರುಗಳಿಗೆ ತಲೆನೋವು. ಟಿಬಿ ಅಂದಾಗ ಜನ “ಕೆಮ್ಮೇ ಇಲ್ಲವಲ್ಲ?” ಅನ್ನುತ್ತಾರೆ. ‘ಕ್ಷಯ’ ಎಂಬ ಪದ ಎದೆಗೇ ಅಂಟಿಕೊಂಡುಬಿಟ್ಟಿದೆ.

ಇಷ್ಟೆಲ್ಲ ಯಾಕೆ ಕೇಳುತ್ತಿದ್ದೇನೆ ಅಂದರೆ, ರೋಗಿಗಳಿಗೆ ಕೊಡುವ ಸೂಚನೆ ಚೀಟಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಹಳೆಯದೂ ನನ್ನದೇ ಬರಹ. ಅದರ ಅವಾಂತರಗಳನ್ನು ನಾನೇ ಹೇಳಿಕೊಳ್ಳಬೇಕು.

‘ರಾತ್ರಿಯಿಂದ ಊಟ ಮಾಡಬೇಡಿ’ ಎಂದು ಬರೆದಿದ್ದೆ. ಬೆಳಿಗ್ಗೆ ಬಂದ ಒಬ್ಬರನ್ನು ಕೇಳಿದರೆ, “ಊಟ ಎಲ್ಲಿ ಸಾರ್, ಬರೀ ಮಂಡಕ್ಕಿ, ಒಂದೆರಡು ಮಿರ್ಚಿ” ಅಂದರು. ದಾವಣಗೆರೆಯಲ್ಲಿ ಮಂಡಕ್ಕಿಯನ್ನು ಊಟದ ಲೆಕ್ಕಕ್ಕೆ ಹಿಡಿಯುವವರು ಯಾರು! ಅವರ ಮಾತು ನೂರಕ್ಕೆ ನೂರು ಸರಿ. ಈಗ ‘ಏನೂ ತಿನ್ನಬೇಡಿ’ ಎಂದು ಬದಲಿಸಿದ್ದೇನೆ. ‘ಖಾಲಿ ಹೊಟ್ಟೆ’ಯೂ ಇರಲಿ, ಎಲ್ಲರಿಗೂ ತಿಳಿಯುತ್ತದೆ.

ಅದಕ್ಕಿಂತ ದೊಡ್ಡ ಅವಾಂತರ ‘ಬಣ್ಣದ ನೀರು’. ಕಾಂಟ್ರಾಸ್ಟ್, ಅಂದರೆ ಒಳಗಿನದು ಚಿತ್ರದಲ್ಲಿ ಎದ್ದು ಕಾಣಲು ಕೊಡುವ ದ್ರವ, ಅದಕ್ಕೆ ಹಾಗೆ ಬರೆದಿದ್ದೆ. ಸಿಟಿ ಎಂಟರೋಗ್ರಫಿಗೆ, ಅಂದರೆ ಸಣ್ಣ ಕರುಳು ನೋಡಲೆಂದೇ ಮಾಡುವ ಸಿಟಿಗೆ, ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತು ಬೆರೆಸಿದ ಸುಮಾರು ಒಂದೂವರೆ ಲೀಟರ್ ನೀರನ್ನು ಮುಕ್ಕಾಲು ಗಂಟೆ, ಒಂದು ಗಂಟೆಯೊಳಗೆ ಸ್ವಲ್ಪ ಸ್ವಲ್ಪವೇ ಕುಡಿಯಬೇಕು. ಕರುಳು ಹಿಗ್ಗಲಿ ಅಂತ. ಹಿಗ್ಗದ ಕರುಳಿನ ಗೋಡೆ ಮಡಿಚಿಕೊಂಡು ಸುಳ್ಳುಸುಳ್ಳೇ ದಪ್ಪ ಕಾಣುತ್ತದೆ. ಒಬ್ಬ ಅಜ್ಜಿಗೆ ಮೂರು ಬಾಟಲಿ ಕೊಟ್ಟು ಕೂರಿಸಿದ್ದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಮೂರೂ ಹಾಗೇ ಇವೆ, ಸೆರಗಿನ ಮರೆಯಲ್ಲಿ ಜೋಡಿಸಿಟ್ಟುಕೊಂಡಿದ್ದಾರೆ. “ಬಣ್ಣದ ನೀರು ಇನ್ನೂ ಕೊಟ್ಟಿಲ್ವಲ್ಲಪ್ಪ. ಇದು ಬರೀ ನೀರು, ಆಮೇಲೆ ಬಾಯಾರಿಕೆಗೆ ಅಂತ ಇಟ್ಕಂಡೀನಿ.” ಅದರಲ್ಲಿ ಬಣ್ಣ ಎಲ್ಲಿಂದ ಬರಬೇಕು? ತಿಳಿಯಾದ, ಸ್ವಲ್ಪ ಸಿಹಿಯಾದ ನೀರು. ಚಿತ್ರದಲ್ಲಿ ಅದು ಕಪ್ಪಾಗಿಯೇ ಇರುತ್ತದೆ. ಒಳಗೆ ಕಪ್ಪಿದ್ದರೆ ತಾನೇ ಗೋಡೆ ಎದ್ದು ಕಾಣುವುದು. ಗೋಡೆ ಬೆಳ್ಳಗೆ ಕಾಣಲು ನರಕ್ಕೆ ಕೊಡುವ ಅಯೋಡಿನ್ ಇಂಜೆಕ್ಷನ್ ಬೇರೆ ಇದೆ, ಅದಕ್ಕೂ ಬಣ್ಣ ಇಲ್ಲ. ಬಣ್ಣ ಇರುವುದು ನಮ್ಮ ಪದದಲ್ಲಿ ಮಾತ್ರ.

‘ವ್ಯತಿರಿಕ್ತ ದ್ರವ’ ಅಂತ ಒಂದು ಕಡೆ ಓದಿದೆ. ಬೇಡ. ವ್ಯತಿರಿಕ್ತ ಅಂದರೆ ಏನೋ ಕೆಟ್ಟದಾಗುತ್ತೆ ಅಂದುಕೊಳ್ಳುತ್ತಾರೆ. ಕುಡಿಯುವುದಕ್ಕೆ ‘ಕರುಳು ಹಿಗ್ಗಿಸುವ ನೀರು’, ಚುಚ್ಚುವುದಕ್ಕೆ ‘ಕಾಂಟ್ರಾಸ್ಟ್ ಇಂಜೆಕ್ಷನ್’ ಎಂದು ಬೇರೆ ಬೇರೆ ಬರೆದಿದ್ದೇನೆ. ಕೆಲಸಕ್ಕೆ ತಕ್ಕ ಹೆಸರು. ‘ಆಮೇಲೆ ಒಂದೆರಡು ಸಲ ಭೇದಿ ಆಗಬಹುದು, ಹೆದರಬೇಡಿ’ ಅನ್ನುವ ಸಾಲನ್ನೂ ಸೇರಿಸಿದೆ, ಮ್ಯಾನಿಟಾಲಿನ ಗುಣ ಅದು.

ಬೇರಿಯಂ ಅನ್ನು ಹಾಗೇ ಬಿಟ್ಟಿದ್ದೇನೆ. ಒಂದು ಸ್ವಾರಸ್ಯ ಮಾತ್ರ ಹೇಳಿಬಿಡುತ್ತೇನೆ. ಆ ಹೆಸರು ಗ್ರೀಕಿನ ‘ಬರುಸ್’ನಿಂದ ಬಂದದ್ದು, ಭಾರವಾದದ್ದು ಅಂತ ಅರ್ಥ. ಬೇರಿಯಂ, ಭಾರ, ನೆಂಟಸ್ತನ ಎದುರಿಗೇ ಇದೆ ಅಂದುಕೊಂಡಿದ್ದೆ. ಅಲ್ಲವಂತೆ. ‘ಭಾರ’ ಬೇರೆ ಮನೆತನದ್ದು. ಗ್ರೀಕಿನ ಆ ಪದಕ್ಕೆ ನಿಜವಾದ ನೆಂಟ ಸಂಸ್ಕೃತದ ‘ಗುರು’, ಲಘುವಿಗೆ ಎದುರಾದ ಗುರು. ಹೊಂದಿಕೆ ಕಂಡ ಕಡೆಯೆಲ್ಲ ನೆಂಟಸ್ತನ ಬೆಳೆಸಬಾರದು ಅಲ್ವಾ.

ಕ್ರಿಯಾಪದಗಳನ್ನು ಜನ ತಾವೇ ಚೆನ್ನಾಗಿ ಹಂಚಿಬಿಟ್ಟಿದ್ದಾರೆ. ಎಕ್ಸ್‌ರೇ ‘ತೆಗೆಸು’ತ್ತಾರೆ, ಸ್ಕ್ಯಾನಿಂಗ್ ‘ಮಾಡಿಸು’ತ್ತಾರೆ, ಎಂಡೋಸ್ಕೋಪಿಗೆ ‘ಪೈಪ್ ಬಿಡು’ತ್ತಾರೆ. ಅದಕ್ಕೆ ನಾನು ಕೈ ಹಾಕಿಲ್ಲ. ಬಾಯಿಂದ ಬಿಟ್ಟ ಮಾಮೂಲಿ ಪೈಪು ಸಣ್ಣ ಕರುಳಿನ ಮೊದಲ ಭಾಗಕ್ಕೇ ನಿಲ್ಲುತ್ತದೆ, ಕೆಳಗಿಂದ ಬಿಟ್ಟದ್ದು ಕೊನೆಯ ಒಂದಿಷ್ಟನ್ನು ನೋಡಿ ವಾಪಸ್ಸು. ನಡುವಿನದಕ್ಕೆ ಇಬ್ಬರೂ ಬರಲ್ಲ. ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವಿರುವ ನಮಗೆ ಈ ಸಂಕಟ ಬೇಗ ಅರ್ಥವಾಗುತ್ತದೆ ಬಿಡಿ.

ಆ ನಡುಭಾಗ ನೋಡಲೆಂದೇ ಕ್ಯಾಮೆರಾ ಇರುವ ಕ್ಯಾಪ್ಸೂಲ್ ಬಂತು. 2000ದಲ್ಲಿ ಮೊದಲ ವರದಿ, 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ. ಉದ್ದ 26 ಮಿಲಿಮೀಟರ್, ದಪ್ಪ 11. ನುಂಗಿದರೆ ಸುಮಾರು ಎಂಟು ಗಂಟೆ ಹೊತ್ತು ಸೆಕೆಂಡಿಗೆ ಎರಡರಂತೆ ಚಿತ್ರ ತೆಗೆಯುತ್ತ ಹೋಗುತ್ತದೆ, ಐವತ್ತು ಸಾವಿರಕ್ಕೂ ಜಾಸ್ತಿ. ನಮ್ಮ ಚೀಟಿಯಲ್ಲಿ ‘ಕ್ಯಾಮೆರಾ ಗುಳಿಗೆ’ ಎಂದು ಬರೆದಿದ್ದೇನೆ. ಮೈಸೂರು ಕಡೆಯವರು ‘ಮಾತ್ರೆ’ ಅನ್ನಿ ಅಂತೀರೇನೋ, ಇಲ್ಲಿ ಗುಳಿಗೆಯೇ ನಡೆಯುತ್ತದೆ. ಮಲದ ಜೊತೆ ತಾನಾಗಿ ಹೊರಗೆ ಹೋಗುತ್ತದೆ ಅಂದಾಗ ಒಬ್ಬರು “ತೊಳೆದು ವಾಪಸ್ ತಂದುಕೊಡಬೇಕಾ?” ಎಂದು ಬಹಳ ಚಿಂತೆಯಿಂದ ಕೇಳಿದ್ದರು. ‘ವಾಪಸ್ ಕೊಡಬೇಕಿಲ್ಲ’ ಅಂತಲೂ ಚೀಟಿಯಲ್ಲಿ ಸೇರಿದೆ.

ಇದೇ ಗುಳಿಗೆಯ ಹಾಳೆಯಲ್ಲಿ ನನ್ನ ಮೂಲ ಪ್ರಶ್ನೆ ಮತ್ತೆ ಎದುರಾಗುತ್ತದೆ. ದಾರಿ ಇಕ್ಕಟ್ಟಾದ ಕಡೆ ಗುಳಿಗೆ ಸಿಕ್ಕಿಕೊಳ್ಳಬಹುದು, ಆಪರೇಷನ್ ಮಾಡಿ ತೆಗೆಯಬೇಕಾದೀತು. ಹಾಗಾಗಿ ಈ ಸಾಲು ತಪ್ಪಾಗಿ ಓದಿಸಿಕೊಳ್ಳಬಾರದು: ‘ಕರುಳಿನ ಒಳಗಿನ ದಾರಿ ಇಕ್ಕಟ್ಟಾಗಿದೆ ಎಂದು ಹಿಂದೆ ಯಾವ ಡಾಕ್ಟರಾದರೂ ಹೇಳಿದ್ದರೆ, ಗುಳಿಗೆ ನುಂಗುವ ಮೊದಲೇ ನಮಗೆ ತಿಳಿಸಿ.’ ನಮ್ಮಲ್ಲಿ ಒಬ್ಬ ಸಿಸ್ಟರ್ ಓದಿ, “ಇಕ್ಕಟ್ಟು ಅಂದ್ರೆ ಕಷ್ಟ ಅಂತಲೂ ಆಗುತ್ತಲ್ವಾ? ಇಕ್ಕಟ್ಟಿಗೆ ಸಿಕ್ಕಿಕೊಂಡೆ ಅಂತೀವಲ್ಲ” ಅಂದರು. ಅದೂ ನಿಜ.

ನಿಮ್ಮ ಕಡೆ ಕಿರಿದಾದ ಪೈಪಿಗೆ, ಓಣಿಗೆ, ಕಾಲುವೆಗೆ ಏನನ್ನುತ್ತೀರಿ? ಕರಾವಳಿಯವರು, ಕಲಬುರಗಿ ಕಡೆಯವರು ತಪ್ಪದೆ ಬರೆಯಿರಿ. ಪದಕೋಶದಿಂದ ಎತ್ತಿ ಕೊಡಬೇಡಿ, ಮನೆಯಲ್ಲಿ ಆಡುವ ಮಾತು ಕೊಡಿ. ಚೀಟಿ ಮುಂದಿನ ಸೋಮವಾರ ಪ್ರೆಸ್ಸಿಗೆ ಹೋಗುತ್ತದೆ. ಭಾನುವಾರ ರಾತ್ರಿಯ ತನಕ ಆ ಒಂದು ಸಾಲನ್ನು ತಿದ್ದಲು ಖಾಲಿ ಇಟ್ಟುಕೊಂಡಿರುತ್ತೇನೆ.